ಬರೀ ‘ಕಂಪ್ಲೈಡ್’ ಅಂದರೆ ಸಾಲದು: ದೊಡ್ಡ ಆಫೀಸಿಗೆ ಆಂಟಿವೈರಸ್ ಆರಿಸುವವರಿಗೆ

ಹೋದ ಸಲ ನಮ್ಮ ಸಂಸ್ಥೆಯಲ್ಲಿ ಆಂಟಿವೈರಸ್ ಟೆಂಡರ್ ಕರೆದಾಗ ಒಂದು ತಮಾಷೆ ನಡೆಯಿತು. ಟೆಕ್ನಿಕಲ್ ಪಟ್ಟಿಯನ್ನು ಹಳೆಯ ಟೆಂಡರ್ ಫೈಲಿನ ಮೇಲೇ ತಿದ್ದಿ ಮಾಡಿದ್ದೆವು. ಒಟ್ಟು 62 ಸಾಲು. ಅದರಲ್ಲಿ ಪ್ರಿಂಟರ್ ಟೆಂಡರಿನ ಒಂದು ಸಾಲು ಅಳಿಸದೆ ಉಳಿದುಬಿಟ್ಟಿತ್ತು: ‘ಹಾಳೆಯ ಎರಡೂ ಬದಿ ತಾನಾಗಿ ಮುದ್ರಿಸಬೇಕು’. ಮೂವರು ವೆಂಡರ್‌ಗಳು ಬಂದರು. ಮೂವರೂ ಆ ಸಾಲಿನ ಮುಂದೆ ‘ಕಂಪ್ಲೈಡ್’, ಅಂದರೆ ‘ಹೌದು, ನಮ್ಮಲ್ಲಿದೆ’ ಎಂದು ಬರೆದು, ಸೀಲು ಒತ್ತಿ, ಸಹಿ ಮಾಡಿದ್ದರು.

ಮೊದಲು ನಕ್ಕೆವು. ಆಮೇಲೆ ಹೆದರಿಕೆಯಾಯಿತು. ಆಂಟಿವೈರಸ್ ಪ್ರಿಂಟ್ ಹಾಕುತ್ತದೆ ಅಂದವರು ಉಳಿದ 61 ಸಾಲಿಗೆ ಕೊಟ್ಟ ಉತ್ತರವನ್ನು ಏನಂತ ನಂಬುವುದು?

ನಾನು ನೋಡಿಕೊಳ್ಳುವುದು ಸುಮಾರು 650 ಕಂಪ್ಯೂಟರ್. ಒಂದು ಹೆಡ್ ಆಫೀಸ್, ಮಲೆನಾಡು ಬಯಲುಸೀಮೆ ಎರಡೂ ಕಡೆ ಹರಡಿದ ಶಾಖೆಗಳು. ಇದೇ ಕೆಲಸ ಮಾಡುವ ಗೆಳೆಯರು ಆಗಾಗ ಫೋನ್ ಮಾಡುತ್ತಾರೆ. ಒಬ್ಬರದು ಇಂಜಿನಿಯರಿಂಗ್ ಕಾಲೇಜು, ಒಬ್ಬರದು ಆಸ್ಪತ್ರೆ, ಇನ್ನೊಬ್ಬರದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ. ಎಲ್ಲರ ಪ್ರಶ್ನೆ ಒಂದೇ. “ವಿಂಡೋಸ್ ಜೊತೆ ಬರೋ ಡಿಫೆಂಡರ್ ಸಾಕಾ? ಸೆಕ್‌ರೈಟ್, ಕೆ7 ಥರದ್ದು ತಗೊಳ್ಳೋದಾ? ಇಲ್ಲಾ ಕ್ರೌಡ್‌ಸ್ಟ್ರೈಕ್ ಥರ ಪೂರ್ತಿ ಕ್ಲೌಡ್‌ಗೆ ಹೋಗೋದಾ?”

ಹೆಸರಿನಿಂದ ಶುರು ಮಾಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ‘ಯಾವುದು ಜಾಸ್ತಿ ವೈರಸ್ ಹಿಡಿಯುತ್ತೆ’ ಎಂಬಲ್ಲಿಂದ ಹೊರಟರೂ ಅಷ್ಟೇ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪಾರೆಟಿವ್ಸ್ ವರ್ಷವಿಡೀ ಪರೀಕ್ಷೆ ನಡೆಸಿ ಅಂಕ ಹಾಕುತ್ತವೆ. ಅಲ್ಲಿ ಮೇಲಿನ ಸಾಲಿನ ಹೆಸರುಗಳ ನಡುವೆ ಅಂತರ ಬಹಳ ಸಣ್ಣದು. ಈ ಸಲ ಮುಂದಿದ್ದವರು ಮುಂದಿನ ಸಲ ಸ್ವಲ್ಪ ಹಿಂದೆ. ಆ ಪರೀಕ್ಷೆಗಳ ಹತ್ತಿರವೇ ಸುಳಿಯದ ಉತ್ಪನ್ನವನ್ನು ಪಕ್ಕಕ್ಕಿಡಿ, ಅಷ್ಟು ಸಾಕು. ಮನೆಯ ಒಂದು ಲ್ಯಾಪ್‌ಟಾಪ್‌ಗೂ ಆಫೀಸಿನ 650ಕ್ಕೂ ನಿಜವಾದ ವ್ಯತ್ಯಾಸ ಇರುವುದು ಕನ್ಸೋಲ್‌ನಲ್ಲಿ, ಎಲ್ಲಾ ಯಂತ್ರಗಳ ಆಂಟಿವೈರಸ್ಸನ್ನೂ ಒಂದೇ ಕಡೆಯಿಂದ ನಡೆಸುವ ಪರದೆಯಲ್ಲಿ. ಅಂದರೆ ನೀವು ಕೂತ ಜಾಗದಿಂದ ಅಷ್ಟೂ ಯಂತ್ರಗಳಿಗೆ ಏನು ಹೇಳಬಹುದು, ಅವು ನಿಮಗೆ ಏನು ಹೇಳುತ್ತವೆ, ಕೆಟ್ಟ ದಿನ ಬಂದಾಗ ಎಷ್ಟು ಬೇಗ ‘ನಿಲ್ಲು’ ಅನ್ನಬಹುದು ಎಂಬುದರಲ್ಲಿ.

ಹಾಗಾಗಿ ಮೊದಲು ಏನು ಕೇಳಬೇಕು ಅನ್ನುವುದನ್ನು ನೋಡೋಣ. ಹೆಸರುಗಳು ಆಮೇಲೆ.

ಅಪ್‌ಡೇಟಿನ ಲಗಾಮು ಯಾರ ಕೈಯಲ್ಲಿ?

ನನ್ನ ಪಟ್ಟಿಯಲ್ಲಿ ಇದೇ ಮೊದಲನೆಯದು.

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:39. ಆಫೀಸಿಗೆ ಬಂದವರು ಕಂಪ್ಯೂಟರ್ ಆನ್ ಮಾಡುವ ಹೊತ್ತು. ಕ್ರೌಡ್‌ಸ್ಟ್ರೈಕ್ ಒಂದು ಸಣ್ಣ ಫೈಲನ್ನು ಜಗತ್ತಿಗೆಲ್ಲ ಕಳಿಸಿತು. ತಪ್ಪು ಗೊತ್ತಾಗಿ ಅದನ್ನು ಹಿಂದಕ್ಕೆ ತೆಗೆದದ್ದು 10:57ಕ್ಕೆ. ನಡುವೆ 78 ನಿಮಿಷ. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಇದರಲ್ಲಿ ಟೆಂಡರ್ ಬರೆಯುವವರು ಗಮನಿಸಬೇಕಾದ್ದು ಬೇರೆ ಇದೆ. ಆ ಗ್ರಾಹಕರಲ್ಲಿ ಹಲವರು ಹುಷಾರಾಗಿಯೇ ಇದ್ದರು. ‘ಹೊಸ ಆವೃತ್ತಿ ಬೇಡ, ಒಂದು ಹೆಜ್ಜೆ ಹಿಂದಿನದು ಇರಲಿ’ ಎಂದು ಕನ್ಸೋಲ್‌ನಲ್ಲಿ ಆರಿಸಿಕೊಂಡಿದ್ದರು. ಆದರೆ ಆ ಆಯ್ಕೆ ಪ್ರೋಗ್ರಾಮಿನ ಆವೃತ್ತಿಗೆ ಮಾತ್ರ ಅನ್ವಯಿಸುತ್ತಿತ್ತು. ಹೊಸ ದಾಳಿಗಳನ್ನು ಗುರುತಿಸಲು ದಿನಾ ಬರುವ ಕಂಟೆಂಟ್ ಫೈಲುಗಳಿಗೆ ಅಲ್ಲ. ಬಾಗಿಲಿಗೆ ಬೀಗ ಹಾಕಿದ್ದರು, ಕಿಟಕಿ ತೆರೆದೇ ಇತ್ತು. ಕಂಟೆಂಟ್ ಫೈಲುಗಳ ಮೇಲೂ ಗ್ರಾಹಕರಿಗೆ ಹಿಡಿತ ಕೊಡುವ ಸೌಲಭ್ಯವನ್ನು ಕಂಪನಿ ಸೇರಿಸಿದ್ದು ಈ ಘಟನೆ ಆದಮೇಲೆ.

ರಿಪೇರಿಯ ಕಥೆ ಇನ್ನೂ ಕಷ್ಟದ್ದು. ಯಂತ್ರವೇ ಏಳದಿದ್ದರೆ ಕನ್ಸೋಲ್‌ನಿಂದ ಏನು ಮಾಡಲು ಸಾಧ್ಯ? ಒಂದೊಂದರ ಮುಂದೆಯೂ ಕೂತು, ಸೇಫ್ ಮೋಡ್‌ಗೆ ಹೋಗಿ, ಆ ಫೈಲ್ ಅಳಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದವರು ಅದಕ್ಕೂ ಮೊದಲು 48 ಅಂಕಿಯ ರಿಕವರಿ ಕೀ ಒತ್ತಬೇಕಿತ್ತು. ಅಂಥ ಕೀಗಳ ಪಟ್ಟಿ ಇದ್ದ ಸರ್ವರೇ ಬಿದ್ದಿದ್ದರೆ? ನಿಮ್ಮಲ್ಲಿ ಆ ಪಟ್ಟಿ ಎಲ್ಲಿದೆ ಅಂತ ಇವತ್ತೇ ಒಮ್ಮೆ ನೋಡಿಕೊಳ್ಳಿ.

ಇದು ಒಂದೇ ಕಂಪನಿಯ ಪಾಡೂ ಅಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್ಸಿನ 5958ನೇ ಡೆಫಿನಿಷನ್ ಫೈಲು (ವೈರಸ್‌ಗಳ ಗುರುತಿನ ಪಟ್ಟಿ) ವಿಂಡೋಸ್ ಎಕ್ಸ್‌ಪಿಯ ‘ಎಸ್‌ವಿಸಿಹೋಸ್ಟ್’ ಎಂಬ ಮುಖ್ಯ ಫೈಲನ್ನೇ ವೈರಸ್ ಅಂದುಕೊಂಡಿತು. ಯಂತ್ರಗಳಿಗೆ ನೆಟ್‌ವರ್ಕೇ ಹೋಯಿತು. ಹಾಗಾಗಿ ಸರಿಪಡಿಸಿದ ಫೈಲನ್ನು ದೂರದಿಂದ ಕಳಿಸುವ ದಾರಿಯೂ ಮುಚ್ಚಿತು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟರ್ ಅನ್ನು ವೈರಸ್ ಎಂದು ಹಿಡಿಯಿತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. 2023ರ ಜನವರಿ 13, ಸಂಕ್ರಾಂತಿಗೆ ಮೊದಲಿನ ಶುಕ್ರವಾರ, ಡಿಫೆಂಡರಿನ ಒಂದು ನಿಯಮ ತಪ್ಪಾಗಿ ಕೆಲಸ ಮಾಡಿ ಡೆಸ್ಕ್‌ಟಾಪ್ ಮತ್ತು ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್‌ಗಳನ್ನು ಅಳಿಸಿಹಾಕಿತು. ಆ ನಿಯಮವನ್ನು ಆಡಿಟ್ ಮೋಡ್‌ನಲ್ಲಿ, ಅಂದರೆ ‘ನೋಡು, ಬರೆದಿಡು, ತಡೆಯಬೇಡ’ ಎಂಬ ಸ್ಥಿತಿಯಲ್ಲಿ ಇಟ್ಟಿದ್ದವರು ಬಚಾವಾದರು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಹಬ್ಬಿದ 2017ರ ಮೇ 12 ಕೂಡ ಶುಕ್ರವಾರವೇ. ಶುಕ್ರವಾರ ಮನೆಗೆ ಲಕ್ಷ್ಮಿ ಬರುತ್ತಾಳೆ. ಐಟಿ ವಿಭಾಗಕ್ಕೆ ಬರುವವರು ಯಾಕೋ ಬೇರೆ.

ಆದ್ದರಿಂದ ವೆಂಡರನ್ನು ‘ಅಪ್‌ಡೇಟ್ ನಿಯಂತ್ರಣ ಇದೆಯಾ’ ಎಂದು ಕೇಳಬೇಡಿ. ಇದೆ ಅಂತಲೇ ಹೇಳುತ್ತಾರೆ. ಅಪ್‌ಡೇಟ್‌ನಲ್ಲಿ ಮೂರು ಜಾತಿ ಇವೆ: ಪ್ರೋಗ್ರಾಮಿನ ಆವೃತ್ತಿ, ಅದರೊಳಗೆ ವೈರಸ್ ಹುಡುಕುವ ಎಂಜಿನ್, ದಿನಕ್ಕೆ ಹಲವು ಸಲ ಬರುವ ಡೆಫಿನಿಷನ್. ಒಂದೊಂದಕ್ಕೂ ಬೇರೆಬೇರೆಯಾಗಿ ಕೇಳಿ. ಇದನ್ನು ಗುಂಪುವಾರು ತಡವಾಗಿ ಕಳಿಸಬಹುದಾ? ಹಿಂದಿನದಕ್ಕೆ ವಾಪಸ್ ಹೋಗಬಹುದಾ? ವಾಪಸ್ ಹೋದಮೇಲೆ ಮತ್ತೆ ಅದೇ ಕೆಟ್ಟ ಫೈಲು ತಾನಾಗಿ ಇಳಿಯದಂತೆ ತಡೆಯಬಹುದಾ? ಮೂರನೆಯ ಪ್ರಶ್ನೆಗೆ ಮಾರಾಟದವರು ಒಂದು ನಿಮಿಷ ಸುಮ್ಮನಾದರೆ ಅದೇ ಉತ್ತರ.

ತಡ ಮಾಡುವುದಕ್ಕೂ ಬೆಲೆ ಇದೆ. ಅಪ್‌ಡೇಟ್ 12 ಗಂಟೆ ನಿಂತರೆ ಹೊಸ ವೈರಸ್ಸಿಗೂ 12 ಗಂಟೆ ಸಿಕ್ಕಿತು. ನಮ್ಮಲ್ಲಿ ಐಟಿ ವಿಭಾಗದ 20 ಯಂತ್ರಗಳಿಗೆ ತಕ್ಷಣ, ಉಳಿದ ಡೆಸ್ಕ್‌ಟಾಪ್‌ಗಳಿಗೆ ನಾಲ್ಕು ಗಂಟೆ ಬಿಟ್ಟು, ಸರ್ವರ್‌ಗಳಿಗೆ ಕೊನೆಗೆ. ಎಲ್ಲರೂ ಮೇಲ್ ತೆರೆದು ಅಟ್ಯಾಚ್‌ಮೆಂಟ್ ಒತ್ತುವ ಆಫೀಸಾದರೆ ತಡ ಕಮ್ಮಿ ಇಡಿ. ಸರ್ವರ್ ಕೋಣೆಯಲ್ಲಿ ಯಾರೂ ಮೇಲ್ ನೋಡುವುದಿಲ್ಲ, ಅಲ್ಲಿ ಜಾಸ್ತಿ ಇಟ್ಟರೂ ನಡೆಯುತ್ತದೆ.

ಮಾತೇ ಆಡದ ಯಂತ್ರಗಳು

ಕನ್ಸೋಲ್ ತೆರೆದರೆ ದೊಡ್ಡ ಹಸಿರು ವೃತ್ತ. ‘ಶೇ. 98 ಸುರಕ್ಷಿತ’. ಮೇಲಿನವರಿಗೆ ತೋರಿಸಲು ಚಂದ. ಆದರೆ ಶೇ. 98 ಯಾವುದರಲ್ಲಿ? ಏಜೆಂಟ್, ಅಂದರೆ ಕನ್ಸೋಲ್ ಜೊತೆ ಮಾತಾಡುವ ಆಂಟಿವೈರಸ್ ಪ್ರೋಗ್ರಾಮು, ಹಾಕಿದ ಯಂತ್ರಗಳಲ್ಲಿ. ಏಜೆಂಟೇ ಇಲ್ಲದ ಯಂತ್ರ ಆ ಲೆಕ್ಕಕ್ಕೇ ಬರುವುದಿಲ್ಲ.

ಒಂದು ಸಲ ಸುಮ್ನೆ ಕೂತು ಆಫೀಸಿನ ಕಂಪ್ಯೂಟರ್‌ಗಳ ಹೆಸರೆಲ್ಲ ಇರುವ ಆಕ್ಟಿವ್ ಡೈರೆಕ್ಟರಿಯ ಪಟ್ಟಿಯನ್ನೂ ಕನ್ಸೋಲ್ ಪಟ್ಟಿಯನ್ನೂ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟೆ. 43 ಹೆಸರು ಮೊದಲನೆಯದರಲ್ಲಿತ್ತು, ಕನ್ಸೋಲ್ ಪಟ್ಟಿಯಲ್ಲಿ ಇರಲಿಲ್ಲ. ಕೆಲವು ಗುಜರಿಗೆ ಹೋದವು. ಕೆಲವು ಬೀರುವಿನಲ್ಲಿದ್ದ ಲ್ಯಾಪ್‌ಟಾಪ್‌ಗಳು. ಹನ್ನೊಂದು ಮಾತ್ರ ದಿನಾ ಕೆಲಸ ಮಾಡುತ್ತಿದ್ದವು, ಆಂಟಿವೈರಸ್ ಇಲ್ಲದೆ. ಅದರಲ್ಲಿ ಒಂದು ಅಕೌಂಟ್ಸ್ ಸೂಪರಿಂಟೆಂಡೆಂಟ್ ಮೇಜಿನ ಮೇಲೆಯೇ ಇತ್ತು.

ಈ ಹೋಲಿಕೆಯನ್ನು ಕನ್ಸೋಲೇ ದಿನಾ ಮಾಡಿ ‘ಇವು ಇಲ್ಲ’ ಎಂದು ಮೇಲ್ ಕಳಿಸಬೇಕು. ಏಳು ದಿನ ಮಾತಾಡದ ಯಂತ್ರಕ್ಕೆ ಬೇರೆ ಪಟ್ಟಿ, ಮಾತಾಡುತ್ತಿದ್ದರೂ ಡೆಫಿನಿಷನ್ ಹಳೆಯದಾದದ್ದಕ್ಕೆ ಬೇರೆ ಪಟ್ಟಿ. ಎರಡನ್ನೂ ಒಂದೇ ಕೆಂಪು ಬಣ್ಣದಲ್ಲಿ ತೋರಿಸುವ ಕನ್ಸೋಲ್‌ಗಳಿವೆ. ಮೊದಲನೆಯದಕ್ಕೆ ಶಾಖೆಗೆ ಫೋನ್ ಮಾಡಬೇಕು, ಎರಡನೆಯದನ್ನು ಕೂತಲ್ಲಿಂದಲೇ ಸರಿ ಮಾಡಬಹುದು. ಕೆಲಸವೇ ಬೇರೆ ಅಲ್ವಾ?

ಕಾಲೇಜಿನವರಿಗೆ ಇನ್ನೊಂದು ಪೀಕಲಾಟ. ಲ್ಯಾಬಿನ 40 ಯಂತ್ರಗಳನ್ನು ಒಂದರಿಂದಲೇ ಕ್ಲೋನ್, ಅಂದರೆ ಪಡಿಯಚ್ಚು ನಕಲು, ಮಾಡಿರುತ್ತಾರೆ. ಏಜೆಂಟಿನ ಗುರುತಿನ ಸಂಖ್ಯೆಯೂ ಕ್ಲೋನ್ ಆಗಿ, ಕನ್ಸೋಲ್‌ನಲ್ಲಿ 40ರ ಬದಲು ಒಂದೇ ಯಂತ್ರ ಕಾಣುತ್ತದೆ. ಅದರ ಹೆಸರು ಮಾತ್ರ ಗಂಟೆಗೊಮ್ಮೆ ಬದಲಾಗುತ್ತಿರುತ್ತದೆ. ಮೇಲಿಂದ, ರೀಸ್ಟಾರ್ಟ್ ಆದಾಗಲೆಲ್ಲ ಹಳೆಯ ಸ್ಥಿತಿಗೆ ಮರಳುವ ಸಾಫ್ಟ್‌ವೇರ್ ಹಾಕಿದ್ದರೆ ನಿನ್ನೆಯ ಅಪ್‌ಡೇಟೂ ಮಾಯ. ಕ್ಲೋನ್ ಗುರುತಿಸುವ ಸೌಲಭ್ಯ ಇದೆಯಾ ಎಂದು ಲ್ಯಾಬಿನಲ್ಲೇ ನಿಂತು ಕೇಳಿ.

ಅಮಾಯಕರನ್ನು ಹಿಡಿದಾಗ

ಒಮ್ಮೆ ನಾವು ಬಳಸುತ್ತಿದ್ದ ಆಂಟಿವೈರಸ್ ನುಡಿ ತಂತ್ರಾಂಶದ ಮೇಲೆ ಕಣ್ಣು ಹಾಕಿತು. ಕನ್ನಡ ಟೈಪಿಂಗ್ ತಂತ್ರಾಂಶ ಪ್ರತಿ ಕೀಲಿಯನ್ನೂ ನಡುವೆ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನೇ ನಡುವೆ ಹಿಡಿಯುತ್ತದೆ. ನಡವಳಿಕೆ ನೋಡಿ ತೀರ್ಪು ಕೊಡುವ ಎಂಜಿನ್‌ಗೆ ಎರಡೂ ಒಂದೇ ಥರ ಕಂಡಿತು. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಶಾಖೆಗಳಿಂದ ಫೋನ್. “ಸಾರ್, ನೋಟಿಸ್ ಟೈಪ್ ಮಾಡಕ್ಕಾಗ್ತಿಲ್ಲ, ಕನ್ನಡ ಬರ್ತಿಲ್ಲ.”

ಆ ಹೊತ್ತಿನಲ್ಲಿ ಬೇಕಾದ್ದು ಎರಡು. ಕ್ವಾರಂಟೈನ್‌ಗೆ ಹೋದ ಫೈಲನ್ನು ನೂರಾರು ಯಂತ್ರಗಳಲ್ಲಿ ಒಂದೇ ಸಲ ವಾಪಸ್ ತರುವುದು. ಮತ್ತೆ ಹಿಡಿಯದಂತೆ ವಿನಾಯಿತಿ ಕೊಡುವುದು. ನಮ್ಮ ಕನ್ಸೋಲ್‌ನಲ್ಲಿ ಎರಡನೆಯದಿತ್ತು, ಮೊದಲನೆಯದು ಒಂದೊಂದೇ ಯಂತ್ರಕ್ಕೆ ಮಾಡಬೇಕಿತ್ತು. ಸಂಜೆಯವರೆಗೂ ಅದೇ ಕೆಲಸ.

ವಿನಾಯಿತಿ ಕೊಡುವಾಗ ಗಡಿಬಿಡಿಯಲ್ಲಿ ಇಡೀ ಫೋಲ್ಡರಿಗೇ ಕೊಟ್ಟುಬಿಡುತ್ತೇವೆ. ಆ ಫೋಲ್ಡರಿನಲ್ಲಿ ನಾಳೆ ಯಾರು ಏನು ತಂದಿಟ್ಟರೂ ಕೇಳುವವರಿಲ್ಲ. ಫೈಲಿನ ಹ್ಯಾಶ್ (ಅದೊಂದಕ್ಕೇ ಇರುವ, ಬೆರಳಚ್ಚಿನಂಥ ಸಂಖ್ಯೆ) ಅಥವಾ ಡಿಜಿಟಲ್ ಸಹಿಯ ಮೇಲೆ ವಿನಾಯಿತಿ ಕೊಡಲು ಬರಬೇಕು. ಕೊಟ್ಟದ್ದಕ್ಕೆ ಮುಗಿಯುವ ತಾರೀಕು ಹಾಕಲು ಬರಬೇಕು. ಯಾರು, ಯಾಕೆ ಕೊಟ್ಟರು ಎಂದು ಬರೆಯಲು ಒಂದು ಖಾನೆ ಇರಬೇಕು. ಕೊನೆಯದು ಸಣ್ಣದು ಅನ್ನಿಸಬಹುದು. ಮೂರು ವರ್ಷದ ಹಿಂದೆ ಬಿಟ್ಟುಹೋದ ಹುಡುಗ ಕೊಟ್ಟ 140 ವಿನಾಯಿತಿಗಳ ಮುಂದೆ ಕೂತಾಗ ಅದರ ಬೆಲೆ ಗೊತ್ತಾಗುತ್ತದೆ.

ಪೆನ್‌ಡ್ರೈವ್ ವಿಚಾರವೂ ಇಲ್ಲಿಗೇ ಸೇರುತ್ತದೆ. “ಎಲ್ಲಾ ಯುಎಸ್‌ಬಿ ಬಂದ್ ಮಾಡಿ” ಎಂದು ಮೇಲಿನಿಂದ ಆದೇಶ ಬರುತ್ತದೆ. ಮಾಡಿದಿರಿ ಅನ್ನಿ. ಟೆಂಡರಿಗೆ, ಜಿಎಸ್‌ಟಿಗೆ ಸಹಿ ಹಾಕುವ ಡಿಎಸ್‌ಸಿ ಟೋಕನ್ ಕೂಡ ಯುಎಸ್‌ಬಿಯೇ. ಕೆಲವು ಟೋಕನ್‌ಗಳು ಸಿಡಿ ಡ್ರೈವ್ ಆಗಿಯೂ ಕಾಣಿಸಿಕೊಳ್ಳುತ್ತವೆ. ಬೆರಳಚ್ಚು ಯಂತ್ರವೂ ಯುಎಸ್‌ಬಿ. ಸಾಧನದ ಮಾದರಿ, ಸೀರಿಯಲ್ ನಂಬರ್ ನೋಡಿ ಬಿಡುವ ಸೌಲಭ್ಯ ಇಲ್ಲದಿದ್ದರೆ ಆದೇಶ ಹೊರಡಿಸಿದವರೇ ಮರುದಿನ ‘ಸ್ವಲ್ಪ ತೆಗೆದುಬಿಡಿ’ ಅನ್ನುತ್ತಾರೆ.

ಉಳಿದ ಕೆಲವು, ಬೇಗ ಹೇಳುತ್ತೇನೆ

ನಿಧಾನದ ಲೈನ್ ಇರುವ ಶಾಖೆಯಲ್ಲಿ ಒಂದು ಯಂತ್ರ ಅಪ್‌ಡೇಟ್ ಇಳಿಸಿಕೊಂಡು ಉಳಿದವಕ್ಕೆ ಹಂಚಬೇಕು. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಎಲ್ಲವೂ ಒಟ್ಟಿಗೆ ಎಳೆಯತೊಡಗಿ ಪಾಸ್‌ಬುಕ್ ಪ್ರಿಂಟೂ ನಿಲ್ಲುತ್ತದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟೂ ಲೈನೂ ಇಲ್ಲದ ಊರಿದ್ದರೆ, ಹಂಚುವ ಯಂತ್ರ ಕೆಟ್ಟಾಗ ಉಳಿದವು ತಾವೇ ಬೇರೆ ದಾರಿ ಹಿಡಿಯುತ್ತವಾ ಎಂದೂ ನೋಡಿ.

ಕನ್ಸೋಲ್‌ನ ಕೀಲಿ ಯಾರ ಹತ್ತಿರ? 650 ಯಂತ್ರಕ್ಕೂ ಆಜ್ಞೆ ಕೊಡುವ ಕುರ್ಚಿ ಅದು, ಕಳ್ಳ ಬಂದು ಕೂತರೆ ಅವನಿಗೂ ಅಷ್ಟೇ ಅಧಿಕಾರ. 2025ರ ಆಗಸ್ಟ್‌ನಲ್ಲಿ ಟ್ರೆಂಡ್ ಮೈಕ್ರೋ ತನ್ನ ಅಪೆಕ್ಸ್ ಒನ್ ಉತ್ಪನ್ನದ ಸ್ವಂತ ಸರ್ವರ್ ಕನ್ಸೋಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹೊಕ್ಕುವ ದೋಷ ಇದೆ, ದಾಳಿಗೂ ಬಳಕೆಯಾಗಿದೆ ಎಂದು ತಾನೇ ತಿಳಿಸಿತು. ಕನ್ಸೋಲನ್ನು ಇಂಟರ್‌ನೆಟ್ಟಿಗೆ ತೆರೆದಿಡಬೇಡಿ. ಎರಡು ಹಂತದ ಲಾಗಿನ್ ಕಡ್ಡಾಯ. ಶಾಖೆಯ ಹುಡುಗನಿಗೆ ತನ್ನ ಶಾಖೆ ಮಾತ್ರ ಕಾಣಬೇಕು, ಪಾಲಿಸಿ ಬದಲಿಸಲು ಬರಬಾರದು.

ಲಾಗ್, ಅಂದರೆ ಯಂತ್ರಗಳಲ್ಲಿ ನಡೆದದ್ದರ ದಾಖಲೆ, ಅದರ ವಿಚಾರದಲ್ಲಿ ಚೌಕಾಸಿ ಇಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಕ್ಲೌಡ್ ಕನ್ಸೋಲ್‌ಗಳಲ್ಲಿ ಅಗ್ಗದ ಪ್ಲಾನ್ ಎಷ್ಟು ದಿನದ ಲಾಗ್ ಇಡುತ್ತದೆ ಎಂದು ಮೊದಲೇ ಕೇಳಿ. ಕಡಿಮೆಯಾದರೆ ಹೊರಗೆ ತೆಗೆದಿಡುವ ಖರ್ಚನ್ನೂ ಕೂಡಿಸಿ.

ಕೊನೆಗೆ, ಬಿಟ್ಟು ಹೋಗುವ ದಾರಿ. ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ರಷ್ಯಾದ ಆಂಟಿವೈರಸ್ ಕ್ಯಾಸ್ಪರ್‌ಸ್ಕಿಯ ಮಾರಾಟ ನಿಷೇಧಿಸಿ, ಸೆಪ್ಟೆಂಬರ್ 29ರ ನಂತರ ಅಪ್‌ಡೇಟೂ ಕೊಡಬಾರದು ಎಂದಿತು. ಅಲ್ಲಿನ ಆಫೀಸುಗಳಿಗೆ ಬದಲಿಸಿಕೊಳ್ಳಲು ಸಿಕ್ಕಿದ್ದು ಸುಮಾರು ನೂರು ದಿನ. ಅದು ಅವರ ದೇಶದ ನಿರ್ಧಾರ. ಆದರೆ ಎಲ್ಲಾ ಯಂತ್ರಗಳಿಂದ ಒಂದು ಆಂಟಿವೈರಸ್ಸನ್ನು ಕನ್ಸೋಲ್‌ನಿಂದಲೇ ಶುಚಿಯಾಗಿ ತೆಗೆಯಲು ಎಷ್ಟು ದಿನ ಬೇಕು ಎಂಬ ಪ್ರಶ್ನೆ ನಮಗೂ ಇದ್ದೇ ಇದೆ.

ಡಿಫೆಂಡರ್: ಈಗಾಗಲೇ ದುಡ್ಡು ಕೊಟ್ಟಾಗಿದೆಯಾ ನೋಡಿ

ವಿಂಡೋಸ್ 10, 11ರಲ್ಲಿ ಬರುವ ಡಿಫೆಂಡರ್ ಬಿಟ್ಟಿಯೇ, ಎಂಜಿನ್ ಒಳ್ಳೆಯದೇ. ‘ಹಾಗಾದರೆ ಸಾಕಲ್ಲ’ ಅನ್ನುವವರು ಒಂದು ಮರೆಯುತ್ತಾರೆ. ಬಿಟ್ಟಿ ಡಿಫೆಂಡರಿಗೆ ವಿಂಡೋಸ್‌ನ ಗ್ರೂಪ್ ಪಾಲಿಸಿಯಿಂದ (ಎಲ್ಲಾ ಯಂತ್ರಗಳಿಗೂ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಆಜ್ಞೆ ಕಳಿಸಬಹುದು, ಉತ್ತರ ಬರುವುದಿಲ್ಲ. ಯಾವ ಯಂತ್ರದಲ್ಲಿ ಏನು ಸಿಕ್ಕಿತು, ಯಾವುದು ಹಳೆಯದಾಗಿದೆ ಎಂಬುದನ್ನು ಒಂದೇ ಕಡೆ ನೋಡಲು ಮೈಕ್ರೋಸಾಫ್ಟಿನ ಇಂಟ್ಯೂನ್ ಅಥವಾ ಡಿಫೆಂಡರ್ ಪೋರ್ಟಲ್‌ನ ಲೈಸೆನ್ಸ್ ಬೇಕು. 

300 ಜನರವರೆಗಿನ ಸಂಸ್ಥೆಗೆ ಡಿಫೆಂಡರ್ ಫಾರ್ ಬಿಸಿನೆಸ್ ಇದೆ. ಬಿಡುಗಡೆಯಾದಾಗ ಒಬ್ಬರಿಗೆ ತಿಂಗಳಿಗೆ 3 ಡಾಲರ್, ಒಬ್ಬರಿಗೆ ಐದು ಸಾಧನದವರೆಗೆ. ಮೈಕ್ರೋಸಾಫ್ಟ್ 365 ಬಿಸಿನೆಸ್ ಪ್ರೀಮಿಯಂ ಕೊಂಡಿದ್ದರೆ ಅದರಲ್ಲೇ ಸೇರಿದೆ. ದೊಡ್ಡವರಿಗೆ ಪ್ಲಾನ್ 1 ಮತ್ತು ಪ್ಲಾನ್ 2. ಮೈಕ್ರೋಸಾಫ್ಟ್ 365ರ ಇ3 ಪ್ಯಾಕೇಜಿನಲ್ಲಿ ಮೊದಲನೆಯದು, ಇ5ರಲ್ಲಿ ಎರಡನೆಯದು ಸೇರಿರುತ್ತದೆ. ಇವನ್ನು ಕೊಂಡು ಮರೆತು, ಪಕ್ಕದಲ್ಲಿ ಇನ್ನೊಂದು ಆಂಟಿವೈರಸ್ಸಿಗೂ ದುಡ್ಡು ಸುರಿಯುತ್ತಿರುವ ಕಂಪನಿಗಳನ್ನು ನೋಡಿದ್ದೇನೆ. ಸರ್ವರ್‌ಗಳಿಗೆ ಮಾತ್ರ ಬೇರೆ ಲೈಸೆನ್ಸ್. ಕೊಟೇಶನ್‌ನಲ್ಲಿ ಆ ಸಾಲು ಇದೆಯಾ ನೋಡಿ.

ಅಪ್‌ಡೇಟಿನ ಲಗಾಮಿಗೆ ಅಂಕ ಚೆನ್ನಾಗಿಯೇ ಕೊಡಬಹುದು. ಎಂಜಿನ್ ಮತ್ತು ಪ್ರೋಗ್ರಾಮಿಗೆ ಬೀಟಾದಿಂದ ಹಿಡಿದು ತಡವಾಗಿ ಬರುವವರೆಗೆ ಹಲವು ಚಾನೆಲ್‌ಗಳಿವೆ. ಡೆಫಿನಿಷನ್‌ಗೆ ಎರಡೇ. ಕನ್ಸೋಲ್ ಕಲಿಯುವುದು ಮಾತ್ರ ಸುಲಭವಲ್ಲ. ಒಂದೇ ಸೆಟ್ಟಿಂಗ್ ಮೂರು ಕಡೆಯಿಂದ ಹಾಕಬಹುದು, ಯಾವುದು ಗೆದ್ದಿತು ಎಂದು ಹುಡುಕುವುದೇ ಒಂದು ದಿನದ ಕೆಲಸ. ಲಿನಕ್ಸ್, ಮ್ಯಾಕ್ ಕೂಡ ಇದ್ದರೆ ಅವಕ್ಕೂ ಬರುತ್ತದೆ, ಆದರೆ ಇದರ ಮನೆ ವಿಂಡೋಸೇ.

ಸ್ವಂತ ಸರ್ವರ್‌ನಲ್ಲಿ ಕನ್ಸೋಲ್

ಪುಣೆಯ ಕ್ವಿಕ್ ಹೀಲ್‌ನ ಸೆಕ್‌ರೈಟ್, ಚೆನ್ನೈನ ಕೆ7, ಸ್ಲೊವಾಕಿಯಾದ ಎಸೆಟ್ ಈ ಜಾತಿಯವು. ಕನ್ಸೋಲ್ ನಿಮ್ಮ ಕಟ್ಟಡದೊಳಗೇ ಇರುತ್ತದೆ. ಬೇಕಾದರೆ ಕ್ಲೌಡ್ ಆವೃತ್ತಿಯೂ ಸಿಗುತ್ತದೆ. ಇಂಟರ್‌ನೆಟ್ ಮುಟ್ಟಬಾರದ ಯಂತ್ರಗಳಿದ್ದರೆ, ಶಾಖೆಗಳ ಲೈನ್ ಕಷ್ಟದ್ದಾದರೆ ಈ ದಾರಿಯೇ ಅನುಕೂಲ. ಅಪ್‌ಡೇಟ್ ಮೊದಲು ನಿಮ್ಮ ಸರ್ವರಿಗೆ ಬಂದು, ಅಲ್ಲಿಂದ ಹಂಚಿಕೆ. ಎಸೆಟ್‌ನಲ್ಲಿ ಡೆಫಿನಿಷನ್ ಅನ್ನೇ ಕೆಲವು ಗಂಟೆ ತಡವಾಗಿ ತರಿಸಿಕೊಳ್ಳುವ ಆಯ್ಕೆ ಇದೆ. ನಾನು ಮೇಲೆ ಅಷ್ಟು ಹೊತ್ತು ಹೇಳಿದ್ದಕ್ಕೆ ಇದು ನೇರ ಉತ್ತರ. ಭಾರತದ ಕಂಪನಿಗಳದ್ದು ಬೆಲೆಯಲ್ಲಿ ಸಾಮಾನ್ಯವಾಗಿ ಕೈಗೆಟುಕುತ್ತದೆ, ಊರಿಗೆ ಬಂದು ನೋಡುವ ಪಾರ್ಟ್ನರ್‌ಗಳೂ ಸಿಗುತ್ತಾರೆ. ಮಧ್ಯಾಹ್ನ ಮೂರಕ್ಕೆ ಸರ್ವರ್ ಕೈಕೊಟ್ಟಾಗ ಎದುರಿಗೆ ಒಬ್ಬ ಮನುಷ್ಯ ಕೂತಿರುವುದಕ್ಕೆ ನಾನು ಸಾಕಷ್ಟು ಬೆಲೆ ಕಟ್ಟುತ್ತೇನೆ.

ಇಲ್ಲಿ ನೀವು ಕಳೆದುಕೊಳ್ಳುವುದೂ ಇದೆ. ಆ ಸರ್ವರ್ ನಿಮ್ಮದು. ಅದಕ್ಕೆ ಪ್ಯಾಚ್, ಬ್ಯಾಕಪ್, ಡಿಸ್ಕ್ ತುಂಬಿದರೆ ಖಾಲಿ ಮಾಡುವುದು, ಎಲ್ಲಾ ನಿಮ್ಮ ತಲೆಗೆ. ಮನೆಯಿಂದ ಕೆಲಸ ಮಾಡುವ ಲ್ಯಾಪ್‌ಟಾಪ್ ವಿಪಿಎನ್‌ಗೆ ಬರದಿದ್ದರೆ ಕನ್ಸೋಲ್‌ಗೆ ಕಾಣುವುದಿಲ್ಲ. ಜೊತೆಗೆ ಈ ಕಾಲದಲ್ಲಿ ಕಂಪನಿಗಳ ಮನಸ್ಸು ಕ್ಲೌಡ್ ಕಡೆಗಿದೆ. ಸೋಫೋಸ್ ತನ್ನ ಹಳೆಯ ಸ್ವಂತ ಸರ್ವರ್ ಕನ್ಸೋಲನ್ನು 2023ರ ಜುಲೈನಲ್ಲಿ ಪೂರ್ತಿ ನಿಲ್ಲಿಸಿತು, ಉಳಿದವರೆಲ್ಲ ಕ್ಲೌಡ್‌ಗೆ ನಡೆಯಬೇಕಾಯಿತು. ಮೂರು ವರ್ಷದ ಲೈಸೆನ್ಸ್ ಕೊಳ್ಳುವಾಗ, ಆ ಮೂರು ವರ್ಷವೂ ಸ್ವಂತ ಸರ್ವರ್ ಆವೃತ್ತಿ ಇರುತ್ತದೆ ಎಂದು ಬರೆಸಿಕೊಳ್ಳಿ.

ಕ್ಲೌಡ್ ಇಡಿಆರ್

ಇಡಿಆರ್ ಅಂದರೆ ಯಂತ್ರದಲ್ಲಿ ನಡೆಯುವ ದಾಳಿಯನ್ನು ಪತ್ತೆಹಚ್ಚಿ ತಡೆಯುವ ವ್ಯವಸ್ಥೆ. ಕ್ರೌಡ್‌ಸ್ಟ್ರೈಕ್, ಸೆಂಟಿನೆಲ್‌ಒನ್, ಸೋಫೋಸ್ ಸೆಂಟ್ರಲ್ ಇಲ್ಲಿ ಬರುತ್ತವೆ. ವೈರಸ್ ಫೈಲ್ ಹಿಡಿಯುವುದರ ಜೊತೆಗೆ ಯಂತ್ರದಲ್ಲಿ ಏನೇನು ನಡೆಯಿತು ಎಂಬ ಜಾಡನ್ನೂ ಇವು ಇಡುತ್ತವೆ. ಮೇಲ್ ತೆರೆದರು, ವರ್ಡ್ ಫೈಲ್ ಪವರ್‌ಶೆಲ್ ಎಬ್ಬಿಸಿತು, ಅದು ಎಲ್ಲಿಗೋ ಫೋನ್ ಹಚ್ಚಿತು, ಹೀಗೆ. ಒಂದು ಯಂತ್ರವನ್ನು ಗುಂಡಿ ಒತ್ತಿ ನೆಟ್‌ವರ್ಕ್‌ನಿಂದ ಬೇರ್ಪಡಿಸಬಹುದು. ಲ್ಯಾಪ್‌ಟಾಪ್ ಯಾವ ಊರಲ್ಲಿದ್ದರೂ ಇಂಟರ್‌ನೆಟ್ ಇದ್ದರೆ ಸಾಕು, ನಿಮ್ಮ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನ ಗೆಳೆಯನ ಕಂಪನಿಯಲ್ಲಿ ಮುಕ್ಕಾಲು ಜನ ಮನೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ಅವನಿಗೆ ನಾನು ಬೇರೆ ಹೇಳಲೇ ಇಲ್ಲ, ಇದನ್ನೇ ತಗೋ ಅಂದೆ.

ಆದರೆ ಜಾಡು ಓದುವವರು ಬೇಕು. ರಾತ್ರಿ ಎರಡಕ್ಕೆ ಎಚ್ಚರಿಕೆ ಬಂದರೆ ಬೆಳಿಗ್ಗೆ ಹತ್ತಕ್ಕೆ ನೋಡುವ ಆಫೀಸಿಗೆ ಇಡಿಆರ್ ಎಂದರೆ ದುಬಾರಿ ಡೈರಿ. ಇಬ್ಬರೇ ಇರುವ ಐಟಿ ವಿಭಾಗ ಇದನ್ನು ಕೊಳ್ಳುವುದಾದರೆ, ಕಂಪನಿಯವರೇ 24 ಗಂಟೆ ಕಾಯುವ ಎಂಡಿಆರ್ ಸೇವೆಯನ್ನೂ ಸೇರಿಸಿ ಬೆಲೆ ಕೇಳಬೇಕು. ಅಲ್ಲೂ ಒಂದು ಪ್ರಶ್ನೆ: ಅವರು ಬರೀ ಫೋನ್ ಮಾಡುತ್ತಾರಾ, ಯಂತ್ರವನ್ನು ತಾವೇ ಬೇರ್ಪಡಿಸುತ್ತಾರಾ? ಫೋನ್ ಮಾತ್ರ ಅಂದರೆ ರಾತ್ರಿ ಎರಡಕ್ಕೆ ಏಳಬೇಕಾದವರು ನೀವೇ.

ಲಿನಕ್ಸ್ ಸರ್ವರ್‌ಗಳಿಗೆ

ಕ್ಲ್ಯಾಮ್ಎವಿ ಬಿಟ್ಟಿ, ಮುಕ್ತ ತಂತ್ರಾಂಶ, ಈಗ ಸಿಸ್ಕೊ ನೋಡಿಕೊಳ್ಳುತ್ತದೆ. ಮೇಲ್ ಸರ್ವರ್, ಫೈಲ್ ಸರ್ವರ್‌ಗೆ ಬರುವ ಫೈಲುಗಳನ್ನು ಜಾಲಾಡಲು ಚೆನ್ನ. ಕನ್ಸೋಲ್ ಇಲ್ಲ. ವಾಜು ಎಂಬ ಇನ್ನೊಂದು ಮುಕ್ತ ತಂತ್ರಾಂಶ ಅದರ ಲಾಗ್‌ಗಳನ್ನು ಒಂದೆಡೆ ತರುತ್ತದೆ, ಆದರೆ ಅದೇ ಆಂಟಿವೈರಸ್ ಅಲ್ಲ. ಲಿನಕ್ಸ್ ಬಲ್ಲ ಒಬ್ಬರು ಗಟ್ಟಿಯಾಗಿದ್ದರೆ ಮಾಡಿ. ಅವರು ಕೆಲಸ ಬಿಟ್ಟರೆ ಗತಿ ಏನು ಎಂದು ಕೂಡ ಯೋಚಿಸಿ. ನೂರಾರು ವಿಂಡೋಸ್ ಡೆಸ್ಕ್‌ಟಾಪ್‌ಗೆ ಇದು ಉತ್ತರವಲ್ಲ.

ಯಾರಿಗೆ ಯಾವುದು

ಮೈಕ್ರೋಸಾಫ್ಟ್ 365ರ ಮೇಲೇ ಬದುಕುವ ಆಫೀಸು, ಮುನ್ನೂರರೊಳಗೆ ಜನ: ಡಿಫೆಂಡರ್ ಫಾರ್ ಬಿಸಿನೆಸ್. ಉಳಿದ ದುಡ್ಡಿನಲ್ಲಿ ಬ್ಯಾಕಪ್ ಗಟ್ಟಿ ಮಾಡಿ.

ಶಾಖೆಗಳು ಹಳ್ಳಿಗಳಲ್ಲಿ, ಲೈನ್ ನಿಧಾನ, ಬಜೆಟ್ ಬಿಗಿ, ಟೆಂಡರಿನಲ್ಲಿ ಎಲ್-1ಗೇ, ಅಂದರೆ ಅತಿ ಕಡಿಮೆ ಬೆಲೆ ಹೇಳಿದವರಿಗೇ, ಕೊಡಬೇಕು: ಸ್ವಂತ ಸರ್ವರ್ ದಾರಿ. ನಾವು ಆರಿಸಿದ್ದೂ ಇದನ್ನೇ. ಕಾಲೇಜು ಲ್ಯಾಬಿಗೂ ಹೆಚ್ಚುಕಡಿಮೆ ಇದೇ, ಕ್ಲೋನ್ ಪರೀಕ್ಷೆಯಲ್ಲಿ ಪಾಸಾದರೆ.

ಆಸ್ಪತ್ರೆಯ ಗೆಳೆಯನಿಗೆ ಒಂದೇ ಉತ್ತರ ಸಾಲಲಿಲ್ಲ. ಅವನ ಸ್ಕ್ಯಾನಿಂಗ್ ಯಂತ್ರದ ಜೊತೆಗಿನ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. ಯಂತ್ರದ ಕಂಪನಿಯವರು ‘ಏನನ್ನೂ ಹಾಕಬೇಡಿ, ವಾರಂಟಿ ಹೋಗುತ್ತದೆ’ ಅನ್ನುತ್ತಾರೆ. ಅಂಥದ್ದನ್ನು ಬೇರೆ ನೆಟ್‌ವರ್ಕಿನಲ್ಲಿ ಕೂಡಿಹಾಕಿ, ಯುಎಸ್‌ಬಿ ಮುಚ್ಚಿಸಿ. ಉಳಿದ ಡೆಸ್ಕ್‌ಟಾಪ್‌ಗಳಿಗೆ ಇಡಿಆರ್ ಮತ್ತು ರಾತ್ರಿ ಕಾಯುವ ಸೇವೆ. ಆಸ್ಪತ್ರೆ ರಾತ್ರಿಯೂ ತೆರೆದಿರುತ್ತದೆ, ಕಾವಲು ಹತ್ತರಿಂದ ಐದಕ್ಕೆ ಇದ್ದರೆ ಆಗುವುದಿಲ್ಲ.

ಕೊಳ್ಳುವ ಮೊದಲು ಎರಡು ವಾರ

ಡೆಮೊವನ್ನು ವೆಂಡರಿನ ಲ್ಯಾಪ್‌ಟಾಪ್‌ನಲ್ಲಿ ನೋಡಬೇಡಿ. ನಿಮ್ಮಲ್ಲಿರುವ ಅತಿ ಹಳೆಯ, ಅತಿ ನಿಧಾನದ 30 ಯಂತ್ರಗಳನ್ನು ಕೊಡಿ. ಐಕಾರ್ ಎಂಬ ನಿರಪಾಯದ ಪರೀಕ್ಷಾ ಫೈಲು ಬರೀ 68 ಅಕ್ಷರದ್ದು, ಹೆಚ್ಚಿನ ಆಂಟಿವೈರಸ್‌ಗಳು ಹಿಡಿಯುತ್ತವೆ. ಅದನ್ನು ಒಂದು ಯಂತ್ರದಲ್ಲಿ ಇಟ್ಟು, ಕನ್ಸೋಲ್‌ಗೆ ಸುದ್ದಿ ಬರಲು ಎಷ್ಟು ನಿಮಿಷ ಎಂದು ಗಡಿಯಾರ ನೋಡಿ. ಇನ್ನೊಂದರಲ್ಲಿ ಕೇಬಲ್ ಕಿತ್ತು ಅದನ್ನೇ ಮಾಡಿ, ಮರುದಿನ ಜೋಡಿಸಿದಾಗ ಹಳೆಯ ಸುದ್ದಿ ಬರುತ್ತದಾ ನೋಡಿ. ಲೋಕಲ್ ಅಡ್ಮಿನ್ ಆಗಿ ಲಾಗಿನ್ ಆಗಿ ಆಂಟಿವೈರಸ್ ಕಿತ್ತುಹಾಕಲು ಪ್ರಯತ್ನಿಸಿ. ಒಂದು ಗುಂಪಿನ ಡೆಫಿನಿಷನ್ ಹಿಂದಕ್ಕೆ ತಿರುಗಿಸಲು ವೆಂಡರಿನ ಹುಡುಗನಿಗೇ ಹೇಳಿ, ನೀವು ಮಾತಾಡದೆ ಪಕ್ಕದಲ್ಲಿ ಕೂತುಕೊಳ್ಳಿ. ‘ಮುಂದಿನ ಆವೃತ್ತಿಯಲ್ಲಿ ಬರುತ್ತೆ ಸಾರ್’ ಎಂದದ್ದಕ್ಕೆಲ್ಲ ಸೊನ್ನೆ ಹಾಕಿ. ಬೇಕಾದರೆ ಆ ಮಾತನ್ನು ತಾರೀಕು, ದಂಡದ ಸಮೇತ ಒಪ್ಪಂದದಲ್ಲಿ ಬರೆದುಕೊಡಲಿ.

ಟೆಂಡರ್ ಸಾಲುಗಳನ್ನೂ ಹೀಗೇ ಬರೆಯುವುದನ್ನು ಕಲಿತಿದ್ದೇನೆ. ‘ಕೇಂದ್ರೀಕೃತ ನಿರ್ವಹಣೆ ಇರಬೇಕು’ ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ. ‘ಕನ್ಸೋಲ್‌ನಿಂದ 50 ಯಂತ್ರಗಳ ಕ್ವಾರಂಟೈನ್ ಫೈಲನ್ನು ಒಂದೇ ಆಜ್ಞೆಯಲ್ಲಿ ವಾಪಸ್ ತರಬೇಕು, ನಮ್ಮ ಆಫೀಸಿನಲ್ಲಿ ಮಾಡಿ ತೋರಿಸಬೇಕು’ ಎಂದರೆ ಉತ್ತರ ಬೇರೆ ಬರುತ್ತದೆ. 62 ಸಾಲು ಈಗ 19ಕ್ಕೆ ಇಳಿದಿದೆ, ಒಂದೊಂದರ ಮುಂದೆಯೂ ‘ಮಾಡಿ ತೋರಿಸಬೇಕು’.

ಪ್ರಿಂಟರಿನ ಸಾಲನ್ನು ಮಾತ್ರ ಬೇಕಂತಲೇ ಉಳಿಸಿಕೊಂಡಿದ್ದೇನೆ, 14ನೆಯದಾಗಿ. ಈ ಸಲ ನಾಲ್ವರಲ್ಲಿ ಒಬ್ಬಾಕೆ ಪ್ರೀ-ಬಿಡ್ ಸಭೆಗೂ ಮುಂಚೆ ಫೋನ್ ಮಾಡಿ, “ಸಾರ್, ಇದೇನು ಹಾಳೆ ಎರಡೂ ಬದಿ ಅಂತಿದೆ?” ಎಂದು ಕೇಳಿದರು. ಮೊದಲ ಡೆಮೊಗೆ ಅವರನ್ನೇ ಕರೆದೆ.